ಸಾಲದ ದುಡ್ಡು ಕ್ರಿಪ್ಟೊದಲ್ಲಿ ಸಿಕ್ಕಿಕೊಂಡಿದ್ದರೆ ಮನೆಯ ಲೆಕ್ಕ ಬಿಡಿಸುವ ಬಗೆ

ಒಡವೆ ಅಡ ಇಟ್ಟು, ಚೀಟಿ ಎತ್ತಿ, ಸಂಘದ ಸಾಲ ತೆಗೆದು, ಕೈಗಡ ಪಡೆದು ಕ್ರಿಪ್ಟೊ ಕಾಯಿನ್‌ಗೆ ಹಾಕಿದ ಮನೆಗಳಿಗಾಗಿ ಈ ಬರಹ. ನೀವೇ ಹಾಕಿರಬಹುದು, ಅಥವಾ ಮನೆಯಲ್ಲಿ ಇನ್ಯಾರೋ ಹಾಕಿದ್ದು ಈಗ ನಿಮಗೆ ಗೊತ್ತಾಗಿರಬಹುದು. ಕಾಯಿನ್ ಮುಂದೆ ಏರುತ್ತದೋ ಇಳಿಯುತ್ತದೋ ಎಂಬ ಚರ್ಚೆಗೆ ಇಲ್ಲಿ ಹೋಗುವುದಿಲ್ಲ. ಸಾಲಕ್ಕೆ ವಾಯಿದೆ ಇದೆ, ಕಾಯಿನ್‌ಗೆ ಇಲ್ಲ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಬಿಟ್‌ಕಾಯಿನ್ 2021ರ ನವೆಂಬರ್‌ನಲ್ಲಿ 69,000 ಡಾಲರ್ ಹತ್ತಿರ ಇತ್ತು. ಮುಂದಿನ ನವೆಂಬರ್‌ಗೆ 16,000ಕ್ಕಿಂತ ಕೆಳಗೆ ಬಂತು. ಮತ್ತೆ ಅದೇ 69,000 ಮುಟ್ಟಿದ್ದು 2024ರ ಮಾರ್ಚ್‌ನಲ್ಲಿ. ನಡುವೆ ಕಳೆದದ್ದು 28 ತಿಂಗಳು. ಸ್ವಂತ ದುಡ್ಡು ಹಾಕಿದವರಿಗೆ ಕಾಯಲು ಆಗುತ್ತಿತ್ತು. ಬಂಗಾರದ ಸಾಲದ ವಾಯಿದೆ ಸಾಮಾನ್ಯವಾಗಿ 12 ತಿಂಗಳು. ನೂರಕ್ಕೆ ಮೂರರಂತೆ ತಂದ ಕೈಸಾಲವಾದರೆ 28 ತಿಂಗಳಿಗೆ ನೂರು ರೂಪಾಯಿಗೆ 84 ರೂಪಾಯಿ ಬರೀ ಬಡ್ಡಿ. ಬೆಲೆ ವಾಪಸ್ ಬರುತ್ತದೆ ಎಂದು ನಂಬಿದವರ ಅಂದಾಜು ಸರಿಯೇ ಆಗಿದ್ದರೂ, ಅಷ್ಟು ಹೊತ್ತಿಗೆ ಅವರ ಸರ, ಬಳೆ ಹರಾಜಾಗಿರುತ್ತಿತ್ತು. ಇದು ಎಲ್ಲಕ್ಕಿಂತ ಗಟ್ಟಿ ಎನ್ನುವ ಕಾಯಿನ್‌ನ ಮಾತು. ಲೂನಾ ಎಂಬ ಕಾಯಿನ್ 2022ರ ಮೇ ತಿಂಗಳಲ್ಲಿ 80 ಡಾಲರ್ ಆಸುಪಾಸಿನಿಂದ ಸುಮಾರು ಒಂದೇ ವಾರದಲ್ಲಿ ಒಂದು ಸೆಂಟ್‌ಗಿಂತ ಕೆಳಗೆ ಬಿತ್ತು, ಮತ್ತೆ ಏಳಲೇ ಇಲ್ಲ. ಕಾಯಿನ್ ಚೆನ್ನಾಗಿದ್ದರೂ ಅದನ್ನು ಇಟ್ಟ ಜಾಗ ಕೈಕೊಡಬಹುದು. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ (ಕಾಯಿನ್ ಕೊಳ್ಳುವ, ಮಾರುವ, ಇಡುವ ಆ್ಯಪ್) ಸುಮಾರು 23 ಕೋಟಿ ಡಾಲರ್ ಮೌಲ್ಯದ ಕಾಯಿನ್ ಕಳುವಾಯಿತು. ಅಲ್ಲಿ ಕಾಯಿನ್ ಇಟ್ಟಿದ್ದವರಿಗೆ ಒಂದು ವರ್ಷಕ್ಕೂ ಮೇಲೆ ಅದನ್ನು ತೆಗೆಯಲು ಆಗಲಿಲ್ಲ. ಆ ವರ್ಷವೂ ಕಂತಿನ ತಾರೀಕು ಪ್ರತಿ ತಿಂಗಳು ತಪ್ಪದೆ ಬರುತ್ತಲೇ ಇತ್ತು.

ಮೊದಲ ಕೆಲಸ: ದುಡ್ಡು ನಿಜಕ್ಕೂ ಇದೆಯೇ?

ಫೋನಿನಲ್ಲಿ ದೊಡ್ಡ ಮೊತ್ತ ಕಾಣಿಸಿದ ಮಾತ್ರಕ್ಕೆ ದುಡ್ಡು ಇದೆ ಎಂದಲ್ಲ. ಇಂದೇ ಪರೀಕ್ಷಿಸಿ. ಒಂದು ಸಾವಿರ ರೂಪಾಯಿಯಷ್ಟು ಕಾಯಿನ್ ಮಾರಿ, ಬ್ಯಾಂಕ್ ಖಾತೆಗೆ ಹಾಕಲು ಕೊಡಿ. ಭಾರತದಲ್ಲಿ ಸರಿಯಾಗಿ ನಡೆಯುವ ಎಕ್ಸ್‌ಚೇಂಜ್ ಆದರೆ ಅದು ಸಾಮಾನ್ಯವಾಗಿ ಅದೇ ದಿನ, ಹೆಚ್ಚೆಂದರೆ ಒಂದೆರಡು ದಿನದಲ್ಲಿ ಖಾತೆಗೆ ಬರುತ್ತದೆ. ಬದಲಿಗೆ "ಮೊದಲು ಶೇಕಡಾ 30 ಟ್ಯಾಕ್ಸ್ ಕಟ್ಟಿ, ಆಮೇಲೆ ಬಿಡುತ್ತೇವೆ", "ಖಾತೆ ಲಾಕ್ ಆಗಿದೆ, 25,000 ಡಿಪಾಸಿಟ್ ಹಾಕಿದರೆ ಬಿಡಿಸುತ್ತೇವೆ" ಎಂದು ಬಂದರೆ ಅದು ಎಕ್ಸ್‌ಚೇಂಜ್ ಅಲ್ಲ, ಮೋಸ. ತೆರಿಗೆಯನ್ನು ನೀವು ಸರ್ಕಾರಕ್ಕೆ ಕಟ್ಟುತ್ತೀರಿ, ಆ್ಯಪ್‌ನವರಿಗಲ್ಲ. ಟಿಡಿಎಸ್ (ಮಾರುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುವುದಿದ್ದರೆ ಮಾರಿದ ಹಣದಲ್ಲೇ ಹಿಡಿಯುತ್ತಾರೆ, ಹೊಸದಾಗಿ ಹಣ ತರಿಸುವುದಿಲ್ಲ. ಟೆಲಿಗ್ರಾಂ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಿ ಹಾಕಿಕೊಂಡ ಆ್ಯಪ್ ಆಗಿದ್ದರೆ ಅನುಮಾನ ಇನ್ನೂ ಹೆಚ್ಚಿರಲಿ. 2023ರ ಮಾರ್ಚ್‌ನಿಂದ ಇಲ್ಲಿ ವ್ಯವಹಾರ ಮಾಡುವ ಕ್ರಿಪ್ಟೊ ಎಕ್ಸ್‌ಚೇಂಜ್‌ಗಳು ಅಕ್ರಮ ಹಣ ತಡೆ ಕಾಯ್ದೆಯ ಕೆಳಗೆ ಬರುತ್ತವೆ, ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿ ಮಾಡಿಸಿರಬೇಕು. ಹೆಸರು ಅಲ್ಲಿದೆಯೇ ನೋಡಿಕೊಳ್ಳಿ.

ಮೋಸ ಎಂದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಕೈಯಲ್ಲಿ ಇರಬೇಕಾದದ್ದು: ಪ್ರತಿ ಯುಪಿಐ ಪಾವತಿಯ 12 ಅಂಕಿಯ ಯುಟಿಆರ್ ನಂಬರ್, ಹಣ ಹೋದ ಯುಪಿಐ ಐಡಿ ಅಥವಾ ಖಾತೆ ನಂಬರ್, ತಾರೀಕು ಮತ್ತು ಗಂಟೆ, ಚಾಟ್‌ನ ಸ್ಕ್ರೀನ್‌ಶಾಟ್, ಕಾಯಿನ್ ಕಳಿಸಿದ್ದರೆ ಅದು ಹೋದ ವಾಲೆಟ್ ವಿಳಾಸ (ಕಾಯಿನ್‌ನ ಖಾತೆ ನಂಬರ್ ಇದ್ದಂತೆ). ಸಿಟ್ಟಿಗೆ, ನಾಚಿಕೆಗೆ ಚಾಟ್ ಅಳಿಸಿಬಿಡಬೇಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮುನ್ನ ತಡೆಹಿಡಿಯಬೇಕು, ಹಾಗಾಗಿ ಇಲ್ಲಿ ಲೆಕ್ಕ ದಿನದ್ದಲ್ಲ, ಗಂಟೆಯದು. ಇನ್ನೊಂದು ಮಾತು. ಕಳೆದುಕೊಂಡವರ ನಂಬರ್‌ಗಳು ಮೋಸಗಾರರ ನಡುವೆ ಓಡಾಡುತ್ತವೆ. "ಹೋದ ಹಣ ವಾಪಸ್ ತರಿಸಿಕೊಡುತ್ತೇವೆ, ಫೀಸು ಇಷ್ಟು" ಎಂದು ಕರೆ ಬಂದರೆ ಅದು ಎರಡನೇ ಮೋಸ.

ಸಾಲದ ಹಾಳೆ

ದುಡ್ಡು ಇದೆ ಎಂದು ಖಾತ್ರಿಯಾದ ಮೇಲೆ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಗಿರವಿ ಚೀಟಿ, ಸಂಘದ ಪಾಸ್‌ಬುಕ್, ಸಾಲದ ಆ್ಯಪ್‌ನ ಸ್ಟೇಟ್‌ಮೆಂಟ್ ಎಲ್ಲವನ್ನೂ ಎದುರಿಗೆ ಹರಡಿಕೊಂಡು ಬರೆಯಿರಿ. ನೆನಪಿನಿಂದ ಬರೆದರೆ ಒಂದು ಸಾಲವಾದರೂ ತಪ್ಪಿಹೋಗುತ್ತದೆ. ಸಾಮಾನ್ಯವಾಗಿ ಬಿಟ್ಟುಹೋಗುವುದು ಕೈಗಡ. ಬಡ್ಡಿಯನ್ನೆಲ್ಲ ತಿಂಗಳ ರೂಪಾಯಿಗೆ ಇಳಿಸಿ ಬರೆಯಬೇಕು. ಒಂದೊಂದು ಕಡೆ ಒಂದೊಂದು ಭಾಷೆಯಲ್ಲಿ ಬಡ್ಡಿ ಹೇಳುತ್ತಾರೆ: ಬ್ಯಾಂಕು ವರ್ಷಕ್ಕೆ ಇಷ್ಟು ಎನ್ನುತ್ತದೆ, ಊರಲ್ಲಿ ನೂರಕ್ಕೆ ಮೂರು ಎನ್ನುತ್ತಾರೆ, ಅದು ತಿಂಗಳ ಲೆಕ್ಕ, ವರ್ಷಕ್ಕೆ 36 ಆಗುತ್ತದೆ. ಚಿಕ್ಕದಾಗಿ ಕೇಳಿಸುವ ಮೂರು, ದೊಡ್ಡದಾಗಿ ಕೇಳಿಸುವ ಹನ್ನೆರಡರ ಮೂರರಷ್ಟು ಭಾರ.

ಉದಾಹರಣೆಗೆ ಒಂದು ಹಾಳೆ ಹೀಗಿರಬಹುದು:

ಬಂಗಾರದ ಸಾಲ: ಅಸಲು 1,00,000, ವರ್ಷಕ್ಕೆ ಶೇ. 12, ತಿಂಗಳಿಗೆ ಬಡ್ಡಿ 1,000
ಸಂಘದ ಸಾಲ: ಅಸಲು 60,000, ವರ್ಷಕ್ಕೆ ಶೇ. 18, ತಿಂಗಳಿಗೆ 900
ಕೈಸಾಲ: ಅಸಲು 40,000, ನೂರಕ್ಕೆ ಮೂರು, ತಿಂಗಳಿಗೆ 1,200
ಆ್ಯಪ್ ಸಾಲ: ಅಸಲು 50,000, ವರ್ಷಕ್ಕೆ ಶೇ. 36, ತಿಂಗಳಿಗೆ 1,500

ಒಟ್ಟು ಸಾಲ 2,50,000. ತಿಂಗಳಿಗೆ ಬಡ್ಡಿಯೊಂದೇ 4,600. ಅಂದರೆ ಬೆಳಗಾದರೆ 150 ರೂಪಾಯಿಗೂ ಹೆಚ್ಚು. ಆ ಎರಡೂವರೆ ಲಕ್ಷಕ್ಕೆ ತೆಗೆದುಕೊಂಡ ಕಾಯಿನ್‌ನ ಇಂದಿನ ಬೆಲೆ 1,40,000 ಎಂದಿಟ್ಟುಕೊಳ್ಳಿ.

ಪ್ರತಿ ಸಾಲದ ಮುಂದೆ ಇನ್ನೆರಡು ಸಂಗತಿ ಬರೆಯಿರಿ: ವಾಯಿದೆಯ ತಾರೀಕು, ಮತ್ತು ತಪ್ಪಿದರೆ ಯಾರಿಗೆ ಏಟು. ಸಂಘದ ಸಾಲದಲ್ಲಿ ನಿಮ್ಮ ವಾರದ ಕಂತು ತಪ್ಪಿದರೆ ಗುಂಪಿನ ಉಳಿದ ಹೆಂಗಸರು ತಮ್ಮ ಗಂಟಿನಿಂದ ತುಂಬಬೇಕಾಗುತ್ತದೆ, ಮುಂದಿನ ಸಲ ಅವರಿಗೂ ಸಾಲ ನಿಲ್ಲುತ್ತದೆ. ಚೀಟಿ ಎತ್ತಿದ್ದರೆ ಜಾಮೀನು ಹಾಕಿದವರ ಸಂಬಳಕ್ಕೆ ಬರಬಹುದು. ಸೊಸೈಟಿಯ ಬೆಳೆಸಾಲ "ಹೇಗೂ ಬಡ್ಡಿ ಇಲ್ಲ" ಎಂದು ಕಾಯಿನ್‌ಗೆ ತಿರುಗಿಸಿದವರು ಇದನ್ನು ಗಮನಿಸಿ: ಕರ್ನಾಟಕದ ಸಹಕಾರ ಸಂಘಗಳಲ್ಲಿ 5 ಲಕ್ಷದವರೆಗಿನ ಬೆಳೆಸಾಲಕ್ಕೆ ಸಿಗುವ ಶೂನ್ಯ ಬಡ್ಡಿ ವಾಯಿದೆಯೊಳಗೆ ಅಸಲು ಕಟ್ಟಿದವರಿಗೆ ಮಾತ್ರ. ತಾರೀಕು ತಪ್ಪಿದರೆ ಆ ರಿಯಾಯಿತಿ ಹೋಗುತ್ತದೆ, ಬಡ್ಡಿ ಬೀಳುತ್ತದೆ. ಗೊಬ್ಬರ ಬೀಜದ ಹೊತ್ತಿಗೆ ಕೈ ಖಾಲಿ ಇರುವುದು ಬೇರೆ ಕಷ್ಟ.

ಬಂಗಾರದ ಸಾಲದ ಚೀಟಿಯನ್ನು ಕಣ್ಣಿಟ್ಟು ಓದಿ. ಖಾಸಗಿ ಹಣಕಾಸು ಕಂಪನಿಗಳ ಕೆಲವು ಸ್ಕೀಮಿನಲ್ಲಿ ಬೋರ್ಡಿನ ಮೇಲಿರುವ ಕಡಿಮೆ ಬಡ್ಡಿ, ಪ್ರತಿ 30 ದಿನಕ್ಕೆ ಬಡ್ಡಿ ಕಟ್ಟಿದವರಿಗೆ ಮಾತ್ರ ಅನ್ವಯ. ಎರಡು ಮೂರು ತಿಂಗಳು ಬಿಟ್ಟರೆ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಆ ಮೆಟ್ಟಿಲು ಚೀಟಿಯ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ.

"ಏರಲಿ, ಆಮೇಲೆ ಮಾರೋಣ" ಎಂಬುದರ ನಿಜವಾದ ಬೆಲೆ

1,40,000ಕ್ಕೆ ಇಳಿದ ಕಾಯಿನ್ ಮತ್ತೆ 2,50,000 ಆಗಲು ಸುಮಾರು ಶೇಕಡಾ 79ರಷ್ಟು ಏರಬೇಕು. ಆದರೆ ಅಷ್ಟಾದರೆ ಸಾಲ ತೀರುವುದಿಲ್ಲ. ಒಂದು ವರ್ಷ ಕಾದರೆ ಬಡ್ಡಿ 55,200 ಸೇರುತ್ತದೆ. ಬೇಕಾದದ್ದು 3,05,200. ಇಲ್ಲಿ ಬಹಳ ಜನ ಮರೆಯುವ ಒಂದು ಸಂಗತಿ ಇದೆ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ ಶೇಕಡಾ 30 ತೆರಿಗೆ, ಅದರ ಮೇಲೆ ಶೇಕಡಾ 4 ಸೆಸ್, ಸೇರಿ ಶೇಕಡಾ 31.2. ಆದಾಯ ಕಡಿಮೆಯಾದರೆ ದರ ಕಡಿಮೆ ಎಂಬ ಸ್ಲ್ಯಾಬ್ ಲೆಕ್ಕ ಇಲ್ಲ. ಕೊಂಡ ಬೆಲೆಯೊಂದನ್ನು ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯುವಂತಿಲ್ಲ. ಸಾಲದ ಬಡ್ಡಿಯನ್ನೂ ಕಳೆಯುವಂತಿಲ್ಲ. ಕಾಯಿನ್ 3,05,200ಕ್ಕೆ ಮಾರಿದರೆ ನಿಮ್ಮ ಕೈಗೆ ಒಂದು ರೂಪಾಯಿ ಉಳಿಯುವುದಿಲ್ಲ, ಎಲ್ಲ ಅಸಲು ಬಡ್ಡಿಗೆ ಸರಿಹೋಯಿತು. ಆದರೆ ತೆರಿಗೆಯ ಲೆಕ್ಕದಲ್ಲಿ ಅದು 55,200 ಲಾಭ, ಕಟ್ಟಬೇಕಾದದ್ದು 17,222. ಎಲ್ಲ ತೀರಿ ಸೊನ್ನೆಗೆ ನಿಲ್ಲಬೇಕಾದರೆ ಕಾಯಿನ್ ಸುಮಾರು 3,30,000 ಆಗಬೇಕು. ಇಂದಿನ ಬೆಲೆಯ ಎರಡು ಪಟ್ಟಿಗಿಂತ ಹೆಚ್ಚು, ಅದೂ ಒಂದೇ ವರ್ಷದೊಳಗೆ.

ಈ ಲೆಕ್ಕವನ್ನು ನಿಮ್ಮ ಅಂಕಿ ಹಾಕಿ ಮಾಡಿ ನೋಡಿ. ಒಟ್ಟು ಸಾಲಕ್ಕೆ ವರ್ಷದ ಬಡ್ಡಿ ಸೇರಿಸಿ, ಅದರಿಂದ ಕೊಂಡ ಬೆಲೆಯ ಶೇ. 31.2 ಕಳೆದು, ಉಳಿದದ್ದನ್ನು 0.688ರಿಂದ ಭಾಗಿಸಿದರೆ ನಿಮಗೆ ಬೇಕಾದ ಮಾರಾಟದ ಬೆಲೆ ಸಿಗುತ್ತದೆ.

ಇಳಿದಾಗ ಇನ್ನಷ್ಟು ಕೊಂಡು ಆವರೇಜ್ ಮಾಡುವುದು ಸಂಬಳದಲ್ಲಿ ಮಿಕ್ಕ ದುಡ್ಡಿನವರ ಆಟ. ಸಾಲದ ಮೇಲೆ ಸಾಲ ತಂದು ಆವರೇಜ್ ಮಾಡಿದರೆ ಕೊಂಡ ಬೆಲೆ ಇಳಿಯುತ್ತದೆ, ತಿಂಗಳ ಬಡ್ಡಿ ಏರುತ್ತದೆ. ಮನೆಯನ್ನು ಮುಳುಗಿಸುವುದು ಎರಡನೆಯದು.

ಮಾರುವಾಗ

ಫ್ಯೂಚರ್ಸ್ (ಸ್ವಲ್ಪ ಹಣ ಇಟ್ಟು, ಅದರ ಹಲವು ಪಟ್ಟು ಮೊತ್ತಕ್ಕೆ ಬೆಲೆಯ ಏರಿಳಿತದ ಮೇಲೆ ಆಡುವುದು) ಇದ್ದರೆ ಮೊದಲು ಅದನ್ನು ಮುಚ್ಚಿ. 10 ಪಟ್ಟು ಲೆವರೇಜ್‌ನಲ್ಲಿ 20,000 ಇಟ್ಟರೆ ಆಟ 2,00,000ದ್ದು. ಬೆಲೆ ಶೇಕಡಾ 10 ಎದುರು ದಿಕ್ಕಿಗೆ ಹೋದರೆ ಇಟ್ಟದ್ದೆಲ್ಲ ಹೋಯಿತು. ನಿಜದಲ್ಲಿ ಎಕ್ಸ್‌ಚೇಂಜ್ ಅಷ್ಟಕ್ಕೂ ಕಾಯದೆ ಅದಕ್ಕಿಂತ ಮೊದಲೇ ಲಿಕ್ವಿಡೇಟ್ ಮಾಡುತ್ತದೆ, ಅಂದರೆ ನಿಮ್ಮ ಆಟವನ್ನು ತಾನೇ ಮುಚ್ಚಿಬಿಡುತ್ತದೆ. ನಡುರಾತ್ರಿ "ಮಾರ್ಜಿನ್ (ಇನ್ನಷ್ಟು ಹಣ) ಹಾಕಿ" ಎಂಬ ಮೆಸೇಜ್ ಬಂದಾಗ ನಿದ್ದೆಗಣ್ಣಿನಲ್ಲಿ ಆ್ಯಪ್ ಸಾಲ ತೆಗೆದು ಹಾಕುವವರಿದ್ದಾರೆ. ಅದೊಂದನ್ನು ದಯವಿಟ್ಟು ಮಾಡಬೇಡಿ. ಹೋದದ್ದು ಹೋಗಲಿ, ಹೊಸ ಸಾಲ ಹುಟ್ಟದಿರಲಿ.

ಉಳಿದ ಕಾಯಿನ್ ಮಾರುವಾಗ ಸ್ಕ್ರೀನಿನ ಮೇಲಿನ ಒಟ್ಟು ಮೊತ್ತವನ್ನು ನಂಬಿ ಮಾತು ಕೊಡಬೇಡಿ. 1,40,000 ಮಾರಿದರೆ ಶೇಕಡಾ 1 ಟಿಡಿಎಸ್ 1,400 ಹಿಡಿಯುತ್ತಾರೆ. ಎಕ್ಸ್‌ಚೇಂಜ್ ಶುಲ್ಕ ಶೇಕಡಾ ಅರ್ಧ ಎಂದುಕೊಂಡರೆ 700, ಅದಕ್ಕೆ ಶೇಕಡಾ 18 ಜಿಎಸ್‌ಟಿ 126. ಕೈಗೆ ಬರುವುದು 1,37,774. ಹೆಸರು ಕೇಳದ ಸಣ್ಣ ಕಾಯಿನ್ ಆಗಿದ್ದರೆ ಆ್ಯಪ್‌ನಲ್ಲಿ ಆರ್ಡರ್ ಬುಕ್ (ಯಾರು ಯಾವ ಬೆಲೆಗೆ ಎಷ್ಟು ಕೇಳಿದ್ದಾರೆ ಎಂಬ ಪಟ್ಟಿ) ತೆರೆದು ಕೊಳ್ಳುವವರ ಸಾಲು ನೋಡಿ. ಮೇಲಿನ ಬೆಲೆಗೆ ಐದು ಸಾವಿರದಷ್ಟು ಮಾತ್ರ ಬೇಡಿಕೆ ಇದ್ದಾಗ ನೀವು ಮಾರ್ಕೆಟ್ ಆರ್ಡರ್‌ನಲ್ಲಿ (ಸಿಕ್ಕ ಬೆಲೆಗೆ) 40,000 ಒಟ್ಟಿಗೆ ಸುರಿದರೆ ನಿಮ್ಮ ಮಾರಾಟವೇ ಬೆಲೆಯನ್ನು ಕೆಳಗೆ ತಳ್ಳುತ್ತದೆ. ಇದಕ್ಕಿಂತ ಕೆಳಗೆ ಮಾರುವುದಿಲ್ಲ ಎಂದು ಬೆಲೆ ಗೊತ್ತುಮಾಡುವ ಲಿಮಿಟ್ ಆರ್ಡರ್ ಹಾಕಿ, ನಾಲ್ಕೈದು ಕಂತಿನಲ್ಲಿ ಮಾರಿ.

ಒಂದು ಕಾಯಿನ್ ಕೊಟ್ಟು ಇನ್ನೊಂದು ತೆಗೆದುಕೊಂಡರೂ ತೆರಿಗೆಯ ಕಣ್ಣಿಗೆ ಅದು ಮಾರಾಟವೇ. ಒಂದರಲ್ಲಿ ಬಂದ ಲಾಸ್ ಇನ್ನೊಂದರ ಲಾಭಕ್ಕೆ ವಜಾ ಆಗುವುದಿಲ್ಲ, ಮುಂದಿನ ವರ್ಷಕ್ಕೂ ಸಾಗುವುದಿಲ್ಲ. ಒಂದು ಕಾಯಿನ್‌ನಲ್ಲಿ 40,000 ಲಾಭ, ಇನ್ನೊಂದರಲ್ಲಿ 90,000 ಲಾಸ್ ಆಗಿದ್ದರೆ ನೀವು ಕಳೆದುಕೊಂಡದ್ದು 50,000, ಕಟ್ಟಬೇಕಾದ ತೆರಿಗೆ ಮಾತ್ರ 40,000ಕ್ಕೆ 12,480. ಲಾಭದ ಕಾಯಿನ್ ಮಾರಿದ ದಿನವೇ ಆ ತೆರಿಗೆಯನ್ನು ಬೇರೆ ಖಾತೆಗೆ ಎತ್ತಿಡಿ.

ಒಂದೆರಡು ರೂಪಾಯಿ ಹೆಚ್ಚು ರೇಟು ಸಿಗುತ್ತದೆಂದು ಗೊತ್ತಿಲ್ಲದವರಿಗೆ ಪಿ2ಪಿಯಲ್ಲಿ (ಒಬ್ಬರಿಂದ ಒಬ್ಬರಿಗೆ ನೇರವಾಗಿ) ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಕಾಯಿನ್) ಮಾರುವ ಅಭ್ಯಾಸ ಹಲವರಿಗಿದೆ. ಕೊಳ್ಳುವವನು ಕಳಿಸಿದ ಹಣ ಇನ್ಯಾರನ್ನೋ ಮೋಸ ಮಾಡಿ ತಂದದ್ದಾಗಿದ್ದರೆ, ಬೇರೆ ರಾಜ್ಯದ ಪೊಲೀಸರ ದೂರಿನ ಮೇಲೆ ನಿಮ್ಮ ಖಾತೆಗೆ ತಡೆ ಬೀಳುತ್ತದೆ. ಅದೇ ಖಾತೆಯಿಂದ ಇಎಂಐ ಹೋಗುತ್ತಿದ್ದರೆ ಕಂತು ಬೌನ್ಸ್ ಆಗಿ ದಂಡ, ಸುಸ್ತಿ ಬಡ್ಡಿ ಎರಡೂ ಸೇರುತ್ತವೆ. ಕಾಯಿನ್ ಮಾರಿದ ಹಣ ಬರುವ ಖಾತೆ ಬೇರೆ, ಸಂಬಳ ಮತ್ತು ಕಂತಿನ ಖಾತೆ ಬೇರೆ ಇರಲಿ.

ಸ್ವಂತ ವಾಲೆಟ್‌ನಿಂದ ಎಕ್ಸ್‌ಚೇಂಜ್‌ಗೆ ಕಾಯಿನ್ ತರುವಾಗ ನೆಟ್‌ವರ್ಕ್ (ಕಾಯಿನ್ ಸಾಗುವ ಜಾಲ) ಹೆಸರು ಎರಡೂ ಕಡೆ ಒಂದೇ ಇರಬೇಕು. ಮೊದಲು ಅತಿ ಸಣ್ಣ ಮೊತ್ತ ಕಳಿಸಿ, ಬಂದು ಸೇರಿದ ಮೇಲೆ ಉಳಿದದ್ದು ಕಳಿಸಿ.

ಯಾವ ಸಾಲ ಮೊದಲು

ಹಣ ಕೈಗೆ ಬಂದ ದಿನ ಮೊದಲು ಹೆಚ್ಚು ಜಗಳ ಮಾಡುವವರಿಗೆ ಕೊಡುವುದು ಮನುಷ್ಯ ಸ್ವಭಾವ. ಆ ಕ್ರಮ ಸರಿಯಲ್ಲ. ಮೊದಲು ಹರಾಜಿನ ನೋಟಿಸ್ ಬಂದಿರುವುದು, ಬೇರೆಯವರ ತಲೆಗೆ ಬರುವುದು, ಇವೆರಡರ ಬಾಕಿ ಕಂತನ್ನು ಮಾತ್ರ ತುಂಬಿ ಸಮಕ್ಕೆ ತನ್ನಿ. ಆಮೇಲೆ ಉಳಿದ ಗಂಟನ್ನು ನೂರಕ್ಕೆ ಬೀಳುವ ತಿಂಗಳ ಬಡ್ಡಿ ಹೆಚ್ಚಿರುವ ಸಾಲಕ್ಕೆ ಹಾಕಿ.

ಮೇಲಿನ ಹಾಳೆಯಲ್ಲಿ ಯಾವುದೂ ಸುಸ್ತಿಯಾಗಿಲ್ಲ ಎಂದಿಟ್ಟುಕೊಂಡರೆ, 1,37,774ರಲ್ಲಿ ಆ್ಯಪ್ ಸಾಲದ 50,000, ಕೈಸಾಲದ 40,000 ತೀರಿಸಿ. ಸಂಘದ ಸಾಲದ ಅಸಲಿಗೆ 45,000 ಕಟ್ಟಿ. ಮಿಕ್ಕ 2,774 ಸಂಘದ ಮುಂದಿನ ಕಂತಿಗೆ ಇರಲಿ. ತಿಂಗಳ ಬಡ್ಡಿ 4,600ರಿಂದ 1,225ಕ್ಕೆ ಇಳಿಯಿತು. ಉಳಿದ ಸಾಲ 1,15,000. ನಷ್ಟ ಆಗಿರುವುದು ನಿಜ, ನೋವೂ ನಿಜ. ಆದರೆ ತಿಂಗಳಿಗೆ ಉಳಿಯುವ 3,375 ರೂಪಾಯಿಯನ್ನೂ ಅಸಲಿಗೇ ಹಾಕುತ್ತಾ ಹೋದರೆ ಈ ಸಾಲಕ್ಕೆ ಒಂದು ಕೊನೆ ಕಾಣುತ್ತದೆ. ಕಾಯಿನ್ ಹಿಡಿದು ಕೂತಿದ್ದರೆ ಆ ಕೊನೆ ಯಾವಾಗ ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ.

ಅವಧಿಗೆ ಮುಂಚೆ ಮುಚ್ಚುವಾಗ ಶುಲ್ಕ ಇದೆಯೇ ಎಂದು ಸಾಲದ ಮುಖ್ಯಾಂಶ ಪತ್ರದಲ್ಲಿ ನೋಡಿ. ಮುಚ್ಚಿದ ಮೇಲೆ ಬಾಕಿ ಇಲ್ಲ ಎಂಬ ಪತ್ರ ಪಡೆಯದೆ ಬಿಡಬೇಡಿ. ಕೈಸಾಲ ತೀರಿಸುವಾಗ ಕೊಟ್ಟಿದ್ದ ಖಾಲಿ ಚೆಕ್ಕು, ಪ್ರೋನೋಟು ಅಲ್ಲೇ, ಹಣ ಎಣಿಸುವ ಹೊತ್ತಿನಲ್ಲೇ ವಾಪಸ್ ಪಡೆಯಿರಿ. ನಾಳೆ ಕೊಡುತ್ತೇನೆ ಎಂದರೆ ನಾಳೆಯೇ ಹಣ ಕೊಡುವುದು ಒಳ್ಳೆಯದು.

ಮನೆಯಲ್ಲಿ ಹೇಳುವುದು

ಎಲ್ಲ ಲೆಕ್ಕಕ್ಕಿಂತ ಕಷ್ಟದ ಹೆಜ್ಜೆ ಇದು. ತಡ ಮಾಡಿದಷ್ಟೂ ಮುಚ್ಚಿಡಲು ಹೊಸ ಸಾಲ ಬೇಕಾಗುತ್ತದೆ, ಗುಟ್ಟಿಗೂ ಬಡ್ಡಿ ಬೆಳೆಯುತ್ತದೆ. ಹಾಳೆ ಸಿದ್ಧವಾದ ಮೇಲೆ, ಊಟ ಆದ ನಂತರ, ಒಡವೆ ಯಾರದೋ ಅವರಿಗೆ ಮೊದಲು ಹೇಳಿ. ಸುತ್ತುಬಳಸುವುದು ಬೇಡ. "ಅಮ್ಮ, ನಿನ್ನ ಎರಡೆಳೆ ಸರ ಬ್ಯಾಂಕಲ್ಲಿ ಅಡ ಇಟ್ಟಿದೀನಿ. ಒಂದು ಲಕ್ಷ ತಗೊಂಡೆ, ಕಾಯಿನ್‌ಗೆ ಹಾಕ್ದೆ, ಅರ್ಧದಷ್ಟು ಹೋಯ್ತು. ಸರ ಇನ್ನೂ ಇದೆ. ಏಪ್ರಿಲ್‌ಗೆ ವಾಯಿದೆ. ಬಿಡಿಸೋ ಲೆಕ್ಕ ಬರ್ದಿದೀನಿ, ನೋಡು." ಎಷ್ಟು ಹೋಯಿತು, ಎಷ್ಟು ಉಳಿದಿದೆ, ಯಾವ ತಾರೀಕು, ಮುಂದೆ ಏನು. ಈ ನಾಲ್ಕು ಸಾಕು. ಕಡಿಮೆ ಮಾಡಿ ಹೇಳಿದ ಮೊತ್ತ ಆಮೇಲೆ ಹೊರಬಿದ್ದರೆ ಎರಡನೇ ಸಲ ಯಾರೂ ನಂಬುವುದಿಲ್ಲ.

ಕೇಳುವವರಿಗೂ ಒಂದು ಮಾತು. ಸಿಟ್ಟು ಬರುವುದು ಸಹಜ, ಬರಲಿ. ಆದರೆ ಆ ರಾತ್ರಿ ಹೇಳಿದವರನ್ನು ಒಂಟಿಯಾಗಿ ಬಿಡಬೇಡಿ. ನಿದ್ದೆ ಬಿಟ್ಟು, ಊಟ ಬಿಟ್ಟು, ಬದುಕು ಸಾಕು ಎಂಬ ಮಾತಾಡುತ್ತಿದ್ದರೆ ಮಾನಸಿಕ ನೆರವಿನ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎಕ್ಸ್‌ಚೇಂಜ್ ಆ್ಯಪ್ ತೆಗೆಸಿ. ಕೆಲವು ತಿಂಗಳು ಸಾಲದ ಕಂತನ್ನು ಮನೆಯ ಇನ್ನೊಬ್ಬರು ಕಟ್ಟಲಿ.

ವಸೂಲಿಯವರು ಬಂದರೆ

ಬ್ಯಾಂಕು, ನೋಂದಾಯಿತ ಕಂಪನಿಯ ವಸೂಲಿಯವರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ಬೈಯುವಂತಿಲ್ಲ, ನೆಂಟರಿಗೆ ಫೋನ್ ಮಾಡಿ ಮರ್ಯಾದೆ ತೆಗೆಯುವಂತಿಲ್ಲ. ಕರೆಯ ರೆಕಾರ್ಡ್, ತಾರೀಕು ಇಟ್ಟುಕೊಂಡು ಮೊದಲು ಆ ಸಂಸ್ಥೆಗೇ ಬರೆದು ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ದೂರು ವಿಚಾರಿಸಲು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಮಾಹಿತಿಗೆ 14448. ಕಿರುಸಾಲ, ಸಣ್ಣ ಸಾಲದ ಬಲವಂತದ ವಸೂಲಿ ತಡೆಯಲು ಕರ್ನಾಟಕ 2025ರಲ್ಲಿ ಕಾನೂನು ತಂದಿದೆ. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಮನೆಮುಂದೆ ಬಂದು ಬೆದರಿಸಿದರೆ ಠಾಣೆಗೆ ಹೋಗಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು 15100ರ ಮೂಲಕ ಸಂಪರ್ಕಿಸಬಹುದು. ಇಷ್ಟೆಲ್ಲ ಇದ್ದರೂ ಸಾಲ ಸಾಲವೇ. ಕಟ್ಟಲು ಆಗದ ತಿಂಗಳು ಫೋನ್ ಆಫ್ ಮಾಡಿ ಕೂರುವ ಬದಲು ವಾಯಿದೆಗೆ ಮುಂಚೆಯೇ ಶಾಖೆಗೆ ಹೋಗಿ, ಕಂತು ಚಿಕ್ಕದು ಮಾಡಿ ಅವಧಿ ಉದ್ದ ಮಾಡಲು ಬರಹದಲ್ಲಿ ಕೇಳಿ.

ಟಿಡಿಎಸ್ ವಾಪಸ್, ಒಡವೆ ವಾಪಸ್

ಲಾಸ್‌ನಲ್ಲಿ ಮಾರಿದವರು "ಲಾಭವೇ ಇಲ್ಲ, ರಿಟರ್ನ್ ಯಾಕೆ" ಎಂದು ಬಿಟ್ಟುಬಿಡುತ್ತಾರೆ. ಹಿಡಿದ 1,400 ನಿಮ್ಮದೇ ಹಣ. ಎಕ್ಸ್‌ಚೇಂಜ್‌ನಿಂದ ವರ್ಷದ ವಹಿವಾಟಿನ ಪಟ್ಟಿ ಇಳಿಸಿಕೊಂಡು, ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿಯಲ್ಲಿ ಟಿಡಿಎಸ್ ಕಾಣುತ್ತಿದೆಯೇ ನೋಡಿ, ರಿಟರ್ನ್‌ನ ವರ್ಚುವಲ್ ಡಿಜಿಟಲ್ ಆಸ್ತಿಯ (ಕಾಯಿನ್‌ಗೆ ತೆರಿಗೆಯವರ ಹೆಸರು) ಪಟ್ಟಿಯಲ್ಲಿ ಪ್ರತಿ ಮಾರಾಟ ತುಂಬಿ ರಿಫಂಡ್ ಕೇಳಿ. ಇದಕ್ಕೆ ಸಂಬಳದಾರರ ಸರಳ ಫಾರ್ಮ್ ಐಟಿಆರ್-1 ಆಗುವುದಿಲ್ಲ, ಐಟಿಆರ್-2 ಬೇಕು, ವ್ಯಾಪಾರದ ಆದಾಯ ಇದ್ದರೆ ಐಟಿಆರ್-3.

ಒಡವೆ ಬಿಡಿಸಲು ಹೋಗುವ ದಿನ ಮೂಲ ಚೀಟಿ, ಆಧಾರ್ ಜೊತೆಗೆ, ಅಡ ಇಟ್ಟಾಗ ತೆಗೆದ ಫೋಟೋ ಇದ್ದರೆ ಅದನ್ನೂ ಒಯ್ಯಿರಿ. ಒಂದೇ ಸಾಲದಲ್ಲಿ ಎಲ್ಲ ಒಡವೆ ಸೇರಿಸಿ ಇಟ್ಟಿದ್ದರೆ, ಭಾಗ ಹಣ ಕಟ್ಟಿದಾಗ ಸಾಲವನ್ನು ಎರಡು ನಂಬರಾಗಿ ಒಡೆದು ಬರೆದುಕೊಡಲು ಕೇಳಿ. ಆಗ ಸರವನ್ನು ಮೊದಲು, ಬಳೆಯನ್ನು ಆಮೇಲೆ ಬಿಡಿಸಬಹುದು. ಪೊಟ್ಟಣದ ಸೀಲ್ ನಿಮ್ಮ ಎದುರೇ ಒಡೆಯಬೇಕು. ಒಂದೊಂದು ಒಡವೆಯನ್ನೂ ತಕ್ಕಡಿಗೆ ಹಾಕಿಸಿ, ಗ್ರಾಂ ಮತ್ತು ಮಿಲಿಗ್ರಾಂ ಚೀಟಿಯ ತೂಕಕ್ಕೆ ಹೋಲಿಸಿ, ಸರದ ಕೊಂಡಿ, ಬಳೆಯ ತಿರುಪು, ಓಲೆಯ ಕಲ್ಲು ಎಲ್ಲ ಇದೆಯೇ ನೋಡಿ, ಆಮೇಲೆ ರಿಜಿಸ್ಟರ್‌ಗೆ ಸಹಿ ಹಾಕಿ.